ಅರವತ್ತು ಅಡಿ

ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಶಿವದೇವಿ ಹಾಲ್‌ಗೆ ಬಂದಳು. ಮಗಳು ಲಹರಿ ಕಾಲೇಜಿಗೆ ಹೊರಡುವ ಅವಸರದಲ್ಲಿ ಟೀವಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ತೆಲುಗು ಸುದ್ದಿ ನಡೆದಿತ್ತು. ಹೈದರಾಬಾದಿಗೆ ಬಂದು ಹತ್ತೊಂಬತ್ತು ವರ್ಷವಾದರೂ ತೆಲುಗು ಅಕ್ಷರಗಳನ್ನು ಶಿವದೇವಿ ಒಂದೊಂದಾಗಿ ಕೂಡಿಸಿಯೇ ಓದುತ್ತಿದ್ದಳು. ಪರದೆಯ ಕೆಳಗಿನ ಕೆಂಪು ಪಟ್ಟಿಯಲ್ಲಿ ‘ಹೆಲಿಕಾಪ್ಟರ್‌ತೋ ತೆಗಿಪೋಯಿನ ಸಂಬಂಧಾಲು’ ಎಂದು ಓಡುತ್ತಿತ್ತು. ಅವಳ ಕಣ್ಣಿಗೆ ಮೊದಲು ಸಿಕ್ಕಿದ್ದು ಕೊನೆಯ ಎರಡು ಪದ. ಯಾರದೋ ಸಂಬಂಧ ಮುರಿದಿದೆ, ಯಾರದೋ ಮನೆಯ ಜಗಳ, ಅದಕ್ಕೇಕೆ ಇಷ್ಟು ದೊಡ್ಡ ಅಕ್ಷರ ಎಂದುಕೊಂಡಳು. ಪಟ್ಟಿ ಸುತ್ತು ಹಾಕಿ ಮತ್ತೆ ಬಂದಾಗ ಮೊದಲ ಪದವೂ ಸಿಕ್ಕಿತು: ಐದು ಜನರಿದ್ದ ಹೆಲಿಕಾಪ್ಟರೊಂದರ ಸಂಪರ್ಕ ಕಡಿದುಹೋಗಿತ್ತು. ಬಾಯಲ್ಲಿದ್ದ ನೊರೆ ಗಂಟಲಿಗಿಳಿದು ಕೆಮ್ಮು ಹತ್ತಿಕೊಂಡಿತು. ಕೆಮ್ಮುತ್ತಲೇ ಅವಳು ಸೋಫಾದ ತುದಿಗೆ ಕೂತಳು. “ಅಮ್ಮಾ, ಇದ್ರಾಗ ನಿನ್ನ ಡಬ್ಬಿ ಐತೇನು?” ಎಂದು ಲಹರಿ ಬಾಚಣಿಗೆ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದಳು. ಮೂರು ದಿನದ ಹಿಂದೆ ಇದೇ ಟೀವಿಯಲ್ಲಿ ಹೆಲಿಕಾಪ್ಟರೊಂದು ನೀರಿನ ನಡುವಿನ ಮನೆಯ ಮೇಲಿಂದ ಮುದುಕನೊಬ್ಬನನ್ನು ಹಗ್ಗದಲ್ಲಿ ಎತ್ತಿಕೊಂಡದ್ದನ್ನು ನೋಡಿ, ಅದರ ಚಿತ್ರ ತೆಗೆದು, ‘ಇದರ ಎತ್ತರ ಹೇಳುವುದು ನಮ್ಮಮ್ಮ’ ಎಂದು ಬರೆದು ಎಲ್ಲರಿಗೂ ಕಳಿಸಿದವಳು ಅವಳೇ. “ಗೊತ್ತಿಲ್ಲ,” ಎಂದಳು ಶಿವದೇವಿ. ಗೊತ್ತಿಲ್ಲ ಎಂಬುದು ನಿಜವೇ ಆಗಿತ್ತು. ಆದರೆ ಹೇಳಿದ ಕೂಡಲೇ ಅದು ಸುಳ್ಳಿನ ಹಾಗೆ ಕೇಳಿಸಿತು.

ಸಮುದ್ರದಾಚೆಯ ಆ ದ್ವೀಪಕ್ಕೆ ಚಂಡಮಾರುತ ಬಡಿದು ವಾರವಾಗಿತ್ತು. ಚಹದ ಗುಡ್ಡಗಳು ಕುಸಿದು ಊರುಗಳ ಮೇಲೆ ಬಿದ್ದಿದ್ದವು. ನಮ್ಮ ಸೈನ್ಯದವರು ಹಡಗಿನಲ್ಲಿ ಅಕ್ಕಿ, ಕುಡಿಯುವ ನೀರು, ಗುಡಾರದ ಆಸ್ಪತ್ರೆ ಒಯ್ದಿದ್ದರು. ರಸ್ತೆಯೇ ಉಳಿಯದ ಕಡೆಗೆ ಹೆಲಿಕಾಪ್ಟರುಗಳು ಹೋಗಿ ಚಾವಣಿಗಳ ಮೇಲಿನ ಜನರನ್ನು ಎತ್ತಿ ತರುತ್ತಿದ್ದವು. ಅಂಥ ಹೆಲಿಕಾಪ್ಟರಿನ ಹೊಟ್ಟೆಯಲ್ಲಿ ಬೂಟಿನ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಇರುತ್ತದೆ. ಕೆಳಗಿನ ನೆಲಕ್ಕೆ ಅಲೆ ಬಿಟ್ಟು, ಅದು ತಿರುಗಿ ಬರುವಷ್ಟರಲ್ಲಿ ನೆಲ ಎಷ್ಟು ಅಡಿ ದೂರವಿದೆ ಎಂದು ಎಣಿಸಿ, ಪೈಲಟ್‌ನ ಮುಂದಿನ ಮುಳ್ಳಿಗೆ ಹೇಳುವುದು ಅದರ ಕೆಲಸ. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಅದನ್ನು ಜೋಡಿಸುತ್ತಿದ್ದರು. ಜೋಡಿಸಿದ್ದನ್ನು ಅಲುಗುವ ಮೇಜಿಗೆ ಬಿಗಿದು, ನಾಲ್ಕು ತಾಸು ನಡುಗಿಸಿ, ಅದು ಸುಳ್ಳು ಹೇಳುತ್ತದೆಯೋ ಇಲ್ಲವೋ ನೋಡಿ ಸಹಿ ಹಾಕುವವಳು ಶಿವದೇವಿ. ಸೋಮವಾರ ಮಧ್ಯಾಹ್ನ, ಅವಸರದಲ್ಲಿ ಕೇಳಿದ್ದ ನಾಲ್ಕು ಪೆಟ್ಟಿಗೆಗಳಲ್ಲಿ ಮೂರನೆಯದು, ಮೂರನೆಯ ತಾಸಿನಲ್ಲಿ, ಇನ್ನೂರು ಅಡಿ ತೋರಿಸಬೇಕಾದದ್ದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಇನ್ನೂರ ಅರವತ್ತು ತೋರಿಸಿ ಮತ್ತೆ ಇನ್ನೂರಕ್ಕೆ ಬಂದು ಏನೂ ಆಗದಂತೆ ನಿಂತಿತ್ತು. ಒಂದು ಸಲ ಜಿಗಿದರೂ ನಾಲ್ಕು ತಾಸಿನ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು ಎನ್ನುವುದು ನಿಯಮ. ಆ ನಿಯಮವನ್ನು ಹೊಸಬರಿಗೆ ಕಲಿಸುವವಳೂ ಅವಳೇ. ಬಾಗಿಲಲ್ಲಿ ವಿಭಾಗದ ಮುಖ್ಯಸ್ಥ ಹಣಮಂತರಾಯರು ಕಿವಿಗೆ ಫೋನು ಒತ್ತಿಕೊಂಡು ನಿಂತಿದ್ದರು. “ಗಾಡಿ ನಿಂತೈತ್ರಿ ಶಿವದೇವಿಯವರ. ಅಲ್ಲಿ ಮಂದಿ ಚಾವಣಿ ಮ್ಯಾಲ ಕುಂತಾರ,” ಎಂದರು. “ಆತ್ರಿ ಸರ್, ಇನ್ನೊಂದು ತಾಸು,” ಎಂದಳು ಶಿವದೇವಿ. ಉಳಿದ ಒಂದು ತಾಸು ಪೆಟ್ಟಿಗೆ ಒಮ್ಮೆಯೂ ತಪ್ಪಲಿಲ್ಲ. ಅವಳು ಸಹಿ ಹಾಕಿದಳು.

ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಯಮುನಾಬಾಯಿ ಹಾಲಿನ ಪೊಟ್ಟಣ ಹಿಡಿದು ಎದುರಾದಳು. “ನಿಮ್ಮ ಮಗಳು ತೋರಸಿದ್ಲ್ರಿ. ಹೆಮ್ಮಿ ಅನಸ್ತು ನೋಡ್ರಿ. ನಾವೆಲ್ಲ ಮನ್ಯಾಗ ಕುಂತು ಅಯ್ಯೋ ಪಾಪ ಅಂತೀವಿ, ನೀವು ಜೀವಾ ಉಳಸಾಕತ್ತೀರಿ,” ಎಂದಳು. ಶಿವದೇವಿ ನಕ್ಕಳು. ಆ ನಗು ಬೇಗ ಹೋಗಲಿಲ್ಲ. ಗೇಟು ದಾಟಿ ರಸ್ತೆಗೆ ಬಂದ ಮೇಲೂ ತುಟಿಗಳು ಹಾಗೆಯೇ ಬಿಗಿದುಕೊಂಡಿದ್ದವು. ಕಾಲೊನಿಯಿಂದ ಕಾರ್ಖಾನೆಗೆ ಹದಿನೈದು ನಿಮಿಷದ ದಾರಿ. ಲೇತ್ ಯಂತ್ರಗಳ ಷೆಡ್ಡುಗಳು ಆಗಲೇ ಬಾಗಿಲು ತೆರೆದಿದ್ದವು. ಕಬ್ಬಿಣ ಕೊಯ್ಯುವ ಕಿರುಚು, ಸುಟ್ಟ ಎಣ್ಣೆಯ ವಾಸನೆ. ಅವಳು ತಲೆಯೆತ್ತಿ ನೋಡುತ್ತ ನಡೆದಳು. ಮೆಟ್ರೋ ನಿಲ್ದಾಣದ ತಗಡಿನ ಮೇಲ್ಛಾವಣಿ ಸುಮಾರು ಅರವತ್ತು ಅಡಿ ಇರಬಹುದು. ಕಾಲೊನಿಯ ನೀರಿನ ಟ್ಯಾಂಕು ಅರವತ್ತು ಇರಲಾರದು, ಐವತ್ತು. ಹೊಸದಾಗಿ ಕಟ್ಟುತ್ತಿದ್ದ ಮನೆಯ ಆರನೆಯ ಅಂತಸ್ತಿನ ಅಂಚಿನಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಇಟ್ಟಿಗೆ ಹೊತ್ತು ನಡೆಯುತ್ತಿದ್ದಳು. ಅದು ಸರಿಯಾಗಿ ಅರವತ್ತು. ಪೈಲಟ್ ಅಷ್ಟು ಎತ್ತರದಲ್ಲಿದ್ದೇನೆ ಎಂದುಕೊಂಡಿರುತ್ತಾನೆ, ಮಂಜು ಕವಿದಿರುತ್ತದೆ, ನೆಲ ಆಗಲೇ ಇಲ್ಲಿರುತ್ತದೆ, ಈ ಚಹದ ಗಾಡಿಯ ಹತ್ತಿರ. ಅವಳು ಗಾಡಿಯ ಕಂಬ ಹಿಡಿದು ನಿಂತಳು. ಗಾಡಿಯವನು ‘ಚಾಯ್?’ ಎಂದ. ತಲೆಯಲ್ಲಾಡಿಸಿ ಮುಂದೆ ನಡೆದಳು.

ಎಂಜಿನ್ ಕೆಟ್ಟಿರಲಿ ದೇವರೇ, ಎಂದು ಅವಳು ಬೇಡಿಕೊಂಡದ್ದು ಆಗ. ರೆಕ್ಕೆ ಯಾವುದೋ ತಂತಿಗೆ ತಾಗಿರಲಿ. ಗಾಳಿ ಎತ್ತಿ ಒಗೆದಿರಲಿ. ಪೆಟ್ಟಿಗೆ ಮಾತ್ರ ಅಲ್ಲದಿರಲಿ. ನಾಲ್ಕು ಹೆಜ್ಜೆ ನಡೆದ ಮೇಲೆ ಅವಳಿಗೆ ತಾನು ಬೇಡಿಕೊಂಡದ್ದು ಏನೆಂದು ಕೇಳಿಸಿತು. ಅದರಲ್ಲಿದ್ದವರು ಬದುಕಿರಲಿ ಎಂದು ಅವಳು ಬೇಡಿಕೊಂಡಿರಲಿಲ್ಲ. ಆ ಬೇಡಿಕೆಯಲ್ಲಿ ಐದು ಜನ ಆಗಲೇ ಸತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಬೇರೊಂದು ಕಾರಣ, ಅಷ್ಟೆ. ಮತ್ತು ಆ ಐವರಲ್ಲಿ ಒಬ್ಬ ದೀಪಕ ಇರಬಹುದು ಎನ್ನುವುದನ್ನು ಮುಂಜಾನೆಯಿಂದ ಮನಸ್ಸು ಬಾಗಿಲ ಹೊರಗೇ ನಿಲ್ಲಿಸಿಕೊಂಡಿತ್ತು.

ದೀಪಕ ಶೋಭಾಳ ತಮ್ಮ. ಶೋಭಾ ಶಿವದೇವಿಯ ಪಕ್ಕದ ಮೇಜಿನಲ್ಲಿ ಕೂತು ಪೆಟ್ಟಿಗೆಯೊಳಗಿನ ಕೂದಲಿನಂಥ ತಂತಿಗಳನ್ನು ಬೆಸೆಯುವವಳು. ಗದಗದ ಹುಡುಗಿ, ಹತ್ತು ವರ್ಷ ಚಿಕ್ಕವಳು. ಇಬ್ಬರೂ ಒಂಬತ್ತು ವರ್ಷದಿಂದ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದರು. ದೀಪಕನ ಕೆಲಸ ಹೆಲಿಕಾಪ್ಟರಿನ ಬಾಗಿಲಲ್ಲಿ. ಹಗ್ಗ ಇಳಿಸುವುದು, ಹಗ್ಗಕ್ಕೆ ಕಟ್ಟಿದ ಜನರನ್ನು ಒಳಗೆಳೆದುಕೊಳ್ಳುವುದು. ಬುಧವಾರ ಊಟದ ಹೊತ್ತಿಗೆ ಶೋಭಾ ಅವನು ಫೋನಿನಲ್ಲಿ ಹೇಳಿದ್ದನ್ನು ಹೇಳಿ ನಕ್ಕಿದ್ದಳು. ಚಾವಣಿಯೊಂದರ ಮೇಲೆ ಒಬ್ಬ ಮುದುಕಿ ಇದ್ದಳಂತೆ. ಎರಡು ದಿನದಿಂದ ಅನ್ನವಿಲ್ಲ. ಆದರೂ ಇವನು ಹಗ್ಗದಲ್ಲಿಳಿದು ಹತ್ತಿರ ಹೋದರೆ ನೀರಿನ ಕಡೆಗೇ ಹಿಂದೆ ಹಿಂದೆ ಸರಿದಳಂತೆ, ಹಿಡಿಯಲು ಹೋದರೆ ಕೈ ಕಚ್ಚಿದಳಂತೆ. “ಅಲ್ಲಿ ಹಿಂದಕ ಭಾಳ ವರ್ಷ ಯುದ್ಧ ನಡದಿತ್ತಂತ ಅಕ್ಕಾ. ಸಿಪಾಯಿ ಅರಿವಿ ನೋಡಿದ್ರ ಆಕಿಗೆ ನೀರಿಗಿಂತ ಅಂಜಿಕಿ. ಇಂವ ಟೊಪ್ಪಿಗಿ ತಗದು, ಅಂಗಿ ಬಿಚ್ಚಿ, ಬನೀನ ಮ್ಯಾಲ ನಿಂತು ಕೈ ಮುಗದ ಮ್ಯಾಲ ಬಂದ್ಲಂತ.” ಶಿವದೇವಿಯೂ ನಕ್ಕಿದ್ದಳು. ಆಗ ಹೇಳಬಹುದಿತ್ತು. ಬುಧವಾರ ಹೇಳಿದ್ದರೂ ಆಗುತ್ತಿತ್ತು.

ಶೋಭಾ ಆಗಲೇ ಬಂದಿದ್ದಳು. ಮೇಜಿನ ಮುಂದೆ ಅಲ್ಲ, ಪಡಸಾಲೆಯ ಬೆಂಚಿನ ಮೇಲೆ, ಎರಡೂ ಕೈಗಳ ನಡುವೆ ಫೋನು ಹಿಡಿದು, ದೀಪಕ್ಕೆ ಗಾಳಿ ತಾಗದಂತೆ ಹಿಡಿಯುವ ಹಾಗೆ. ಸುತ್ತ ಮೂರು ನಾಲ್ಕು ಜನ ನಿಂತಿದ್ದರು. ಶಿವದೇವಿಯನ್ನು ಕಂಡು ದಾರಿ ಬಿಟ್ಟರು, ಇವಳಿಗೆ ಹತ್ತಿರದವರು ಬಂದರು ಎನ್ನುವಂತೆ. “ಅಕ್ಕಾ, ಅವ ನಿನ್ನೆ ಸಂಜಿ ನಾಕೂವರಿಗೆ ‘ಹೊಂಟೀವಿ’ ಅಂತ ಹಾಕ್ಯಾನ. ಆಮ್ಯಾಲೆ ಏನೂ ಇಲ್ಲ. ಅದ ಹೆಲಿಕಾಪ್ಟರು. ಅವರ ಆಫೀಸಿನಿಂದ ಫೋನ್ ಬಂದಿತ್ತು, ಹುಡಕಾಕತ್ತೀವಿ ಅಂದ್ರು,” ಎಂದಳು ಶೋಭಾ. ಶಿವದೇವಿ ಪಕ್ಕದಲ್ಲಿ ಕೂತಳು. ಶೋಭಾ ಕುಸಿದು ಅವಳ ತೊಡೆಯ ಮೇಲೆ ತಲೆಯಿಟ್ಟಳು. ಎಣ್ಣೆ ಹಚ್ಚಿದ ಬೈತಲೆ, ಅದರ ಬುಡದ ಒಂದೆರಡು ಬಿಳಿ ಕೂದಲು ಇಷ್ಟು ಹತ್ತಿರದಿಂದ ಕಾಣಿಸುತ್ತಿದ್ದವು. ಶಿವದೇವಿಯ ಕೈ ತಾನಾಗಿಯೇ ಆ ತಲೆಯನ್ನು ಸವರತೊಡಗಿತು, ಮತ್ತು ಅವಳು ಆ ಕೈಯನ್ನು ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದಳು. ಸೋಮವಾರ ಪೆನ್ನು ಹಿಡಿದದ್ದು ಇದೇ ಕೈ. “ಏನೂ ಆಗಿಲ್ಲ ತಗೋ. ಗುಡ್ಡದ ಸಂದಿನ್ಯಾಗ ರೇಡಿಯೊ ಸಿಗೂದಿಲ್ಲ,” ಎಂದಳು. ಶೋಭಾ ಮುಖವೆತ್ತಿದಳು. ಕಣ್ಣು ಊದಿಕೊಂಡಿದ್ದವು, ಆದರೂ ಅವುಗಳಲ್ಲಿ ಒಂದು ನೆಚ್ಚಿಕೆ ಇತ್ತು. “ಪೆಟ್ಟಿಗಿ ನೀವ ನೋಡಿ ಕಳಿಸಿದ್ದಲಾ ಅಕ್ಕಾ? ನಾ ಬೆಸದಿದ್ದು, ನೀವು ನೋಡಿದ್ದು. ಅದೊಂದು ಧೈರ್ಯ ಐತಿ ನೋಡ್ರಿ ನನಗ.” ಶಿವದೇವಿ ಎದ್ದಳು. ನೀರು ಕುಡಿದು ಬರುತ್ತೇನೆ ಎಂದು ಹೇಳಿದ್ದು ನೆನಪು, ಹೇಳಿದಳೋ ಇಲ್ಲವೋ.

ಕಳಿಸಿದ ಸಾಮಾನಿನ ಪಟ್ಟಿ ಕಂಪ್ಯೂಟರಿನಲ್ಲಿತ್ತು. ನಾಲ್ಕೂ ಪೆಟ್ಟಿಗೆಗಳು ಸೈನ್ಯದ ಒಂದೇ ನೆಲೆಗೆ ಹೋಗಿದ್ದವು. ಯಾವುದು ಯಾವ ಹೆಲಿಕಾಪ್ಟರಿಗೆ ಎಂದು ಅಲ್ಲಿ ಬರೆದಿರಲಿಲ್ಲ. ನಾಲ್ಕರಲ್ಲಿ ಒಂದು ಎಂದುಕೊಂಡಳು. ಉಳಿದ ಮೂರು ನಿಷ್ಪಾಪಿಗಳು. ಸಂತೆಯಲ್ಲಿ ಚೌಕಾಸಿ ಮಾಡುವವಳ ಹಾಗೆ ಮನಸ್ಸು ಆ ಮೂರನ್ನು ಹಿಡಿದು ಎಳೆಯಿತು. ಪರದೆಯ ಗಾಜಿನಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತಿತ್ತು, ಬಾಯಿ ಅರೆ ತೆರೆದಿತ್ತು. ಎರಡು ವರ್ಷದ ಹಿಂದೆಯೂ ಹೀಗೇ ಇದೇ ಕುರ್ಚಿಯಲ್ಲಿ ಕೂತು, ಆರು ಪೆಟ್ಟಿಗೆಗಳಲ್ಲಿ ಏನೋ ಸರಿಯಿಲ್ಲ ಎಂದು ತಡೆಹಿಡಿದಿದ್ದಳು. ಹನ್ನೊಂದು ದಿನ ಹುಡುಕಿದರು, ಏನೂ ಸಿಗಲಿಲ್ಲ. ತಿಂಗಳ ಸಭೆಯಲ್ಲಿ ಹಣಮಂತರಾಯರು ಎಲ್ಲರೆದುರು, “ನಮ್ಮ ಬಾಯಾರು ಗುಬ್ಬಿ ರೆಕ್ಕಿ ಬಡದ್ರೂ ಗಾಡಿ ನಿಂದರಸ್ತಾರ,” ಎಂದಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅಂದು ಬಿಸ್ಕತ್ತಿನ ತಟ್ಟೆಯನ್ನು ಮೊದಲು ಅವಳ ಕಡೆಗೇ ಸರಿಸಿದ್ದರು. ಮೂವತ್ತು ಜನ ನಕ್ಕರು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವಳು ಶಿವದೇವಿ. ಆಮೇಲೆ ತಿಂಗಳುಗಟ್ಟಲೆ ಕ್ಯಾಂಟೀನಿನಲ್ಲಿ ಯಾರಾದರೂ ಬಾಯಿಯಿಂದ ಗುಬ್ಬಿಯ ಸದ್ದು ಮಾಡುತ್ತಿದ್ದರು. ಅವಳು ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ.

ಹಣಮಂತರಾಯರ ಕೋಣೆಯ ಬಾಗಿಲು ತಟ್ಟಿದಾಗ ಹತ್ತು ಗಂಟೆ. ಅವರು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ. ಹೇಳಬೇಕಾದದ್ದು ನಾಲ್ಕೇ ಮಾತಿನದು. ಹೇಳಿ ಮುಗಿಸಿದಳು.

“ಬಾಗಲಾ ಹಾಕ್ರಿ,” ಎಂದರು ಹಣಮಂತರಾಯರು. ಹಾಕಿದಳು.

“ಒಂದ ಸಲ?”

“ಒಂದ ಸಲರಿ.”

“ಎಷ್ಟು ಜಿಗೀತು?”

“ಅರವತ್ತು ಅಡಿರಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಕಣ್ಣಿನ ಸುತ್ತ ಮೆತ್ತಗಿತ್ತು, ವಯಸ್ಸಾಗಿತ್ತು. “ಸಹಿ ಮಾಡ್ರಿ ಅಂತ ನಾ ಹೇಳಿದ್ನೇನು?” ಎಂದು ಕೇಳಿದರು.

“ಇಲ್ರಿ.”

“ಗಾಡಿ ನಿಂತೈತಿ ಅಂದೆ. ನಿಂತಿತ್ತು, ಅಂದೆ. ಮಂದಿ ಚಾವಣಿ ಮ್ಯಾಲ ಕುಂತಾರ ಅಂದೆ. ಅದೂ ಖರೇನ.”

“ಹೌದ್ರಿ. ನಾ ಬರದು ಕೊಡ್ತೀನ್ರಿ ಸರ್. ನೆಲೆಗೆ ತಿಳಸಬೇಕು.”

“ಏನಂತ ಬರೀತೀರಿ? ಯಾವ ಹೆಲಿಕಾಪ್ಟರಿನ್ಯಾಗ ಐತಿ ಅಂತ ಗೊತ್ತಿಲ್ಲ. ಯಾಕ ಬಿತ್ತು ಅಂತ ಗೊತ್ತಿಲ್ಲ. ಬಿದ್ದೈತೋ ಇಲ್ಲೋ ಅದೂ ಗೊತ್ತಿಲ್ಲ.” ಅವರ ದನಿ ಏರಲಿಲ್ಲ, ಬದಲಿಗೆ ಸಣ್ಣದಾಗುತ್ತ ಹೋಯಿತು. “ನನಗ ರಿಟೈರ್ ಆಗಾಕ ಇನ್ನ ಐದು ತಿಂಗಳು ಐತಿ ಶಿವದೇವಿಯವರ. ಸಂಜೀತನಕ ತಡೀರಿ. ಒಂದು ದಿವಸ. ಇಷ್ಟ ಕೇಳ್ತೀನಿ.” ಚಹದ ಬಟ್ಟಲನ್ನು ಎತ್ತಿ ಕುಡಿಯದೆ ಕೆಳಗಿಟ್ಟರು, ಎದ್ದು ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಎಳೆದು ನೋಡಿದರು. ಅವರೂ ಹೆದರಿದ್ದಾರೆ ಎನ್ನುವುದು ಅವಳಿಗೆ ಸಮಾಧಾನ ತರಬೇಕಿತ್ತು. ತರಲಿಲ್ಲ. ಇಷ್ಟು ವರ್ಷ ತಾನು ಹೆದರಿದ್ದು ಇವರಿಗೆ ಎಂಬುದೊಂದು ಆಧಾರವಾಗಿತ್ತು. ಅದೂ ಈಗ ಅಲುಗಿತು. “ಆತ್ರಿ ಸರ್,” ಎಂದು ಹೊರಗೆ ಬಂದಳು. ಸೋಮವಾರವೂ ಅದನ್ನೇ ಹೇಳಿದ್ದಳು, ಅದೇ ದನಿಯಲ್ಲಿ.

ಒಂದೂ ಹತ್ತಕ್ಕೆ ಶೋಭಾಳ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ವಿದೇಶದ ಸಂಖ್ಯೆ. ಶೋಭಾ ಅದನ್ನು ನೋಡುತ್ತ ಕೂತಳು, ಎತ್ತಲಿಲ್ಲ. ಯಾರೋ ಅವಳ ಕೈಯಿಂದ ಕಿತ್ತು ಗುಂಡಿ ಒತ್ತಿದರು. “ಅಕ್ಕಾ, ನಾನ,” ಎಂದಿತು ಫೋನು, ಪಡಸಾಲೆಗೆಲ್ಲ ಕೇಳಿಸುವ ಹಾಗೆ. ಶೋಭಾ ಮೊದಲು ಕಿರುಚಿದಳು, ಆಮೇಲೆ ಬಾಯಿಗೆ ಬಂದಂತೆ ಬೈದಳು, ಆಮೇಲೆ ಅತ್ತಳು. ಆ ಕಡೆಯ ದನಿ ನಗುತ್ತಿತ್ತು. ಮಂಜಿನಲ್ಲಿ ದಾರಿ ತಪ್ಪಿ, ಎರಡು ಗುಡ್ಡಗಳ ನಡುವಿನ ಆಟದ ಬಯಲಿನಲ್ಲಿ ಇಳಿದಿದ್ದರಂತೆ, ರೇಡಿಯೊ ಸತ್ತಿತ್ತಂತೆ, ಊರಿನವರ ಫೋನು ಹಿಡಿದು ಗುಡ್ಡ ಹತ್ತಿದ ಮೇಲೆ ಈಗ ಮಾತು ಸಿಕ್ಕಿತಂತೆ. “ಒಂದ ಗಳಿಗಿ ಮುಗೀತು ಅಂದ್ಕೊಂಡಿದ್ದೆ ನೋಡಕ್ಕ. ಎತ್ತರದ ಮುಳ್ಳು ಒಮ್ಮೆ ಇನ್ನೂರು ಅಂತೈತಿ, ಒಮ್ಮೆ ಇನ್ನೂರರವತ್ತು ಅಂತೈತಿ, ಕುಣ್ಯಾಕತ್ತಿತ್ತು. ಸಾಹೇಬ್ರು ಅದನ್ನ ಬಿಟ್ಟು, ಕೆಳಗ ಇಳಿಸ್ಕೋತ ‘ದೀಪಕ, ಕಣ್ಣೀಲೆ ನೋಡು’ ಅಂದ್ರು. ನಾ ಬಾಗಲದಾಗ ಹೊಟ್ಟಿ ಮ್ಯಾಲ ಮಕ್ಕೊಂಡು ತಲಿ ಹೊರಗ ಚಾಚಿದೆ. ಗಿಡದ ತುದಿ ಮಾರಿಗೇ ಹತ್ತತೈತೇನೋ ಅನ್ನುವಷ್ಟು ಸಮೀಪ! ಒದರಿದೆ, ಎತ್ತಿದ್ರು.” “ಮುಳ್ಳಿಗೆ ಏನಾಗಿತ್ತೋ?” ಎಂದು ಶೋಭಾ ಕೇಳಿದಳು. “ಏನಿಲ್ಲ, ಗುಡ್ಡದ ಇಳಿಜಾರಿಗೆ ಹಂಗ ಆಕೈತಂತ. ಈಗ ಸರಿ ಐತಿ, ನೋಡೀವಿ. ನೆಲೆದವರ ಜೋಡಿನೂ ಇದ ಫೋನಿನ್ಯಾಗ ಮಾತಾಡೀವಿ. ಮಂಜು ಸರದ್ರ ಮೂರಕ್ಕ ಮತ್ತ ಹೊಂಟೀವಿ. ಮ್ಯಾಲಿನ ಊರಿನ ಸಾಲಿ ಚಾವಣಿ ಮ್ಯಾಲ ಮೂವತ್ತೊಂಬತ್ತು ಮಂದಿ ಅದಾರ. ಇಡ್ಲೇನು?”

ಪಡಸಾಲೆ ತುಂಬ ಚಪ್ಪಾಳೆ ಬಿತ್ತು. ಯಾರೋ ಕ್ಯಾಂಟೀನಿಗೆ ಮೈಸೂರು ಪಾಕಿಗೆ ಕಳಿಸಿದರು. ಶೋಭಾ ಎದ್ದು ನೇರವಾಗಿ ಶಿವದೇವಿಯ ಹತ್ತಿರ ಬಂದು ಅವಳನ್ನು ಎಲುಬು ಮುರಿಯುವಂತೆ ತಬ್ಬಿಕೊಂಡಳು. “ನಾ ಅಂದಿದ್ನಿಲ್ಲೋ ಅಕ್ಕಾ,” ಎಂದು ಕಿವಿಯಲ್ಲಿ ಅಂದಳು, ಉಸಿರು ಬಿಸಿಯಾಗಿತ್ತು. ಶಿವದೇವಿ ಅವಳ ಭುಜದ ಮೇಲಿಂದ ನೋಡಿದಾಗ ಹಣಮಂತರಾಯರು ತಮ್ಮ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದರು. ಅವರೂ ಕೇಳಿಸಿಕೊಂಡಿದ್ದರು. ಕನ್ನಡಕ ಹಾಕಿಕೊಂಡಿದ್ದರು. ಅವಳನ್ನೇ ನೋಡುತ್ತ ಬಹಳ ನಿಧಾನಕ್ಕೆ, ಒಂದೇ ಒಂದು ಸಲ, ಬೇಡ ಎಂದು ತಲೆಯಾಡಿಸಿದರು. ಅದರಲ್ಲಿ ಗದರಿಕೆ ಇರಲಿಲ್ಲ, ಒಂದು ಬೇಡಿಕೆ ಇತ್ತು.

ಇಳಿಜಾರಿಗೆ ಹಾಗಾಗುತ್ತದೆ, ಅದೂ ಸುಳ್ಳಲ್ಲ. ಗುಡ್ಡದ ಓರೆಯಲ್ಲಿ ಅಲೆ ಬೇರೆ ಬೇರೆ ಕಡೆಯಿಂದ ತಿರುಗಿ ಬಂದು ಮುಳ್ಳು ಹೊಯ್ದಾಡುತ್ತದೆ. ಆದರೆ ಹೊಯ್ದಾಡುವ ಮುಳ್ಳು ನಲವತ್ತೂ ಅನ್ನುತ್ತದೆ, ತೊಂಬತ್ತೂ ಅನ್ನುತ್ತದೆ. ಪ್ರತಿ ಸಲ ಅಷ್ಟೇ ಅರವತ್ತು ಜಿಗಿಯುವುದಿಲ್ಲ. ಅದು ಗುಡ್ಡದ ಲೆಕ್ಕವಲ್ಲ, ಪೆಟ್ಟಿಗೆಯ ಲೆಕ್ಕ. ಈ ಭೂಮಿಯ ಮೇಲೆ ಅದು ಗೊತ್ತಿದ್ದವರು ಇಬ್ಬರೇ. ಒಬ್ಬರು ಹೊಸ್ತಿಲಲ್ಲಿದ್ದರು, ಇನ್ನೊಬ್ಬಳು ಇಲ್ಲಿ ದೀಪಕನ ಅಕ್ಕನ ತೋಳಿನಲ್ಲಿದ್ದಳು. ಮೂರಕ್ಕೆ ಅವರು ಹೊರಡುತ್ತಾರೆ. ಮುಳ್ಳನ್ನು ಮತ್ತೆ ನಂಬುತ್ತಾರೆ. ನಂಬದಂತೆ ಮಾಡಿದರೆ ಹೆಲಿಕಾಪ್ಟರು ಬಯಲಿನಲ್ಲೇ ನಿಲ್ಲುತ್ತದೆ, ಬೇರೆ ಪೆಟ್ಟಿಗೆ ಹೋಗಿ ಸೇರುವಷ್ಟರಲ್ಲಿ ನಾಳೆಯಾಗುತ್ತದೆ, ಮೂವತ್ತೊಂಬತ್ತು ಜನ ಇನ್ನೂ ಒಂದು ರಾತ್ರಿ ಶಾಲೆಯ ಮೇಲೆ ಕಳೆಯಬೇಕಾಗುತ್ತದೆ, ಕೆಳಗಿನ ಮಣ್ಣು ಅಲ್ಲಿಯವರೆಗೆ ಕಾಯುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಆ ಮೂವತ್ತೊಂಬತ್ತರಲ್ಲಿ ಒಬ್ಬರು ಸತ್ತರೂ ಅದೂ ಅವಳ ಲೆಕ್ಕಕ್ಕೇ. ಸುಮ್ಮನಿದ್ದರೂ, ಬಾಯಿ ತೆರೆದರೂ. ಕೈಗೆ ಬಂದ ಮೈಸೂರು ಪಾಕನ್ನು ಅವಳು ಬಾಯಿಗಿಟ್ಟುಕೊಂಡಳು. ಅದು ಮರಳಿನ ಹಾಗೆ ಬಾಯ ತುಂಬ ಹರಡಿತು. ಗೋಡೆಯ ಗಡಿಯಾರ ಎರಡಾಗಲು ಏಳು ನಿಮಿಷ ತೋರಿಸುತ್ತಿತ್ತು. ಮೂತ್ರಕ್ಕೆ ಅವಸರವಾದಂತೆ ಆಯಿತು, ಚಿಕ್ಕಂದಿನಲ್ಲಿ ಕೊಪ್ಪಳದ ಶಾಲೆಯಲ್ಲಿ ಬೆತ್ತ ಕಂಡಾಗ ಆಗುತ್ತಿದ್ದ ಹಾಗೆ.

ನೆಲೆಯ ಫೋನ್ ಸಂಖ್ಯೆ ಸಾಮಾನು ಕಳಿಸಿದ ಚೀಟಿಯ ಕೆಳಗೆ ಅಚ್ಚಾಗಿತ್ತು. ಅವಳು ತನ್ನ ಮೇಜಿನಿಂದ, ಯಾರಿಗೂ ಹೇಳದೆ, ನಿಂತುಕೊಂಡೇ ಮಾಡಿದಳು. ಆ ಕಡೆಯ ಅಧಿಕಾರಿ ಹಿಂದಿಯಲ್ಲಿ ಮಾತಾಡಿದರು. ಅವಳ ಹಿಂದಿ ಮೆಹದೀಪಟ್ನಂ ಮಾರುಕಟ್ಟೆಯಲ್ಲಿ ತರಕಾರಿ ಕೊಂಡು ಕಲಿತದ್ದು. ಅದರಲ್ಲಿ ಇಂಥದನ್ನು ಹೇಳುವ ಮಾತುಗಳಿರಲಿಲ್ಲ. ಪೆಟ್ಟಿಗೆಯ ಸಂಖ್ಯೆ ಹೇಳಿದಳು, ಅರವತ್ತು ಅಡಿ ಹೇಳಿದಳು, ಅದನ್ನು ಹಾರಿಸಬೇಡಿ ಎಂದಳು. ಆಚೆಯಿಂದ ಕಾಗದ ತಿರುವುವ ಸದ್ದು ಬಂತು. ಈ ಪೆಟ್ಟಿಗೆ ಸರಿಯಿದೆ ಎಂದು ಸಹಿ ಹಾಕಿದವರು ಯಾರು, ಎಂದು ಅಧಿಕಾರಿ ಕೇಳಿದರು. “ನಾನೇ,” ಎಂದಳು. ಜಿಗಿದದ್ದು ಸಹಿ ಮಾಡುವ ಮೊದಲೋ, ಆಮೇಲೋ. “ಮೊದಲು.” ಆಮೇಲೆ ಅಧಿಕಾರಿ ಅವಳ ಹೆಸರು ಕೇಳಿದರು, ಅವರಿಗೆ ಅದು ಸರಿಯಾಗಿ ಹತ್ತಲಿಲ್ಲ, ಅಕ್ಷರ ಅಕ್ಷರ ಬಿಡಿಸಿ ಹೇಳಲು ಕೇಳಿದರು. ಅವಳು ತನ್ನ ಹೆಸರನ್ನು ತುಂಡು ತುಂಡಾಗಿ ಅವರ ಕೈಗೆ ಕೊಟ್ಟಳು. ಫೋನಿಟ್ಟು, ಕಾಗದ ಎಳೆದುಕೊಂಡು ಅದನ್ನೇ ಬರೆದು, ಹಣಮಂತರಾಯರ ಮೇಜಿನ ಮೇಲೆ ಇಟ್ಟಳು. ಅವರು ಓದಿದರು. ಬೈಯುತ್ತಾರೆ ಎಂದುಕೊಂಡಿದ್ದಳು. “ನನ್ನ ಹೆಸರು ಹಾಕಿಲ್ಲಲ್ಲ?” ಎಂದರು. “ಹಾಕಿಲ್ರಿ.” ಅವರು ಪೆನ್ನು ತೆಗೆದು, ಬಹಳ ಹೊತ್ತು ಹಿಡಿದುಕೊಂಡಿದ್ದು, ‘ಗಾಡಿ ಕಾಯುತ್ತಿದೆ ಎಂದು ಅವಸರ ಮಾಡಿದ್ದು ನಾನು’ ಎಂದು ಕೆಳಗೆ ಒಂದು ಸಾಲು ಸೇರಿಸಿ, ಸಹಿ ಮಾಡದೆ ಪೆನ್ನು ಮುಚ್ಚಿದರು. ಅವಳು ನೋಡುತ್ತ ನಿಂತಳು. ಅವರು ಮತ್ತೆ ಪೆನ್ನು ತೆರೆಯಲಿಲ್ಲ.

ನಾಲ್ಕು ಗಂಟೆಗೆ ಮೇಲಿನ ಆಫೀಸಿನಿಂದ ಇಬ್ಬರು ಬಂದು ಅವಳ ಗುರುತಿನ ಚೀಟಿ ತೆಗೆದುಕೊಂಡರು, ಅಲುಗುವ ಮೇಜಿನ ಬೀಗದ ಕೈಯನ್ನೂ. ಸೋಮವಾರ ವಿಚಾರಣೆ, ಅಲ್ಲಿಯವರೆಗೆ ಒಳಗೆ ಬರುವಂತಿಲ್ಲ ಎಂದರು, ಮರ್ಯಾದೆಯಿಂದಲೇ ಹೇಳಿದರು. ವಿಚಾರಣೆಯ ನೋಟೀಸು ಬರುವವರೆಗೆ ಗೇಟಿನ ಹತ್ತಿರದ ಕೋಣೆಯಲ್ಲಿ, ಹೊರಗಿನವರು ಕೂರುವ ಕುರ್ಚಿಯಲ್ಲಿ ಕೂರಿಸಿದರು. ಅಲ್ಲೊಂದು ಟೀವಿ ಇತ್ತು. ದ್ವೀಪದ ಮೇಲಿನ ಊರಿನ ಶಾಲೆಯನ್ನು ದೂರದಿಂದ ತೋರಿಸುತ್ತಿದ್ದರು: ಕಂದು ಬಣ್ಣದ ಗುಡ್ಡ, ಅದರಲ್ಲಿ ಅರ್ಧ ಹೂತ ಬಿಳಿ ಗೋಡೆ, ಮೇಲೆ ಚುಕ್ಕಿಗಳ ಹಾಗೆ ಜನ. ತಾಂತ್ರಿಕ ಕಾರಣದಿಂದ ಭಾರತದ ಹೆಲಿಕಾಪ್ಟರಿನ ಹಾರಾಟ ನಿಂತಿದೆ, ಬೇರೊಂದು ದೇಶದ ಸೈನಿಕರು ಇಪ್ಪತ್ತಮೂರು ಜನರನ್ನು ಎತ್ತಿದ್ದಾರೆ, ಅಷ್ಟರಲ್ಲಿ ಮತ್ತೆ ಮಂಜು ಕವಿದಿದೆ, ಉಳಿದ ಹದಿನಾರು ಜನ ನಾಳೆ, ಎಂದಿತು ಸುದ್ದಿ. ಶಿವದೇವಿ ಕುರ್ಚಿಯ ತೋಳು ಹಿಡಿದು ಚುಕ್ಕಿಗಳನ್ನು ಎಣಿಸಲು ನೋಡಿದಳು. ಅವು ಅಲುಗುತ್ತಿದ್ದವು, ಎಣಿಕೆ ಪ್ರತಿ ಸಲ ತಪ್ಪುತ್ತಿತ್ತು. ಒಂದು ಚುಕ್ಕಿ ಕೈ ಬೀಸಿದಂತೆ ಕಂಡಿತು. ಕ್ಯಾಮೆರಾ ಬೇರೆ ಕಡೆ ತಿರುಗಿತು.

ಐದೂವರೆಗೆ ಎಲ್ಲರೂ ಹೊರಬಂದರು; ವಿಷಯ ಆಗಲೇ ಎಲ್ಲರ ಕಿವಿಗೆ ಬಿದ್ದಿತ್ತು. ಅವಳ ಪಕ್ಕದಿಂದ ಹಾದುಹೋದವರು ಮಾತು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಮಾತಾಡಿದರು. ಬಸ್ ನಿಲ್ದಾಣದ ತಗಡಿನ ಕೆಳಗೆ ಶೋಭಾ ನಿಂತಿದ್ದಳು. ಮುಖ ತೊಳೆದುಕೊಂಡಿದ್ದಳು; ಮುಂಜಾನೆಯ ಊತ ಇಳಿದು ಮುಖ ಸಣ್ಣದಾಗಿತ್ತು. ಶಿವದೇವಿ ಅವಳಿಂದ ಎರಡು ಮಾರು ದೂರದಲ್ಲಿ ನಿಂತಳು.

“ಮುಂಜಾನೆ ನಾ ನಿಮ್ಮ ತೊಡಿ ಮ್ಯಾಲ ತಲಿ ಇಟ್ಟು ಅತ್ತೆ,” ಎಂದಳು ಶೋಭಾ, ರಸ್ತೆಯನ್ನು ನೋಡುತ್ತ. “ಆವಾಗ್ಲೂ ಹೇಳಲಿಲ್ಲ.”

“ಹೌದು.”

“ಸೋಮವಾರದಿಂದ ಐದು ದಿವಸ. ದಿನಾ ಕೂಡಿ ಉಂಡೀವಿ.”

“ಹೌದು.”

“ಯಾಕಕ್ಕಾ? ಯಾಕ ಸಹಿ ಮಾಡಿದ್ರಿ?”

“ಚಾವಣಿ ಮ್ಯಾಲ ಮಂದಿ…” ಎಂದು ಶಿವದೇವಿ ಶುರು ಮಾಡಿದಳು. ಆ ಮಾತು ಐದು ದಿನದಿಂದ ಸಿದ್ಧವಾಗಿತ್ತು. ವಿಚಾರಣೆಯಲ್ಲೂ ಅದನ್ನೇ ಹೇಳಲಿದ್ದಳು, ಕೇಳಿದವರು ಮೆತ್ತಗಾಗುವರು ಎಂಬ ಭರವಸೆಯೂ ಇತ್ತು. ಸರಾಗವಾಗಿ ನಾಲಿಗೆಗೆ ಬಂದದ್ದೇ ಅವಳನ್ನು ತಡೆಯಿತು. ಸೋಮವಾರ ಆ ಮಧ್ಯಾಹ್ನ, ಪೆನ್ನು ಕೈಯಲ್ಲಿದ್ದಾಗ, ಅವಳ ಕಣ್ಣ ಮುಂದೆ ಯಾವ ಚಾವಣಿಯೂ ಇರಲಿಲ್ಲ. ಬಾಗಿಲಲ್ಲಿ ನಿಂತ ಒಬ್ಬ ಮನುಷ್ಯ ಹುಬ್ಬು ಏರಿಸುವುದು ಕಂಡಿತ್ತು, ಅಷ್ಟೆ.

“ಇಲ್ಲ, ಅದಲ್ಲ,” ಎಂದಳು. “ಹಣಮಂತರಾಯರು ಮತ್ತ ಏನರ ಅಂತಾರ ಅಂತ ಅಂಜಿದೆ. ಕ್ಯಾಂಟೀನಿನ್ಯಾಗ ಮಂದಿ ನಗ್ತಾರ ಅಂತ.”

ಶೋಭಾ ಮೊದಲ ಸಲ ಅವಳ ಕಡೆ ತಿರುಗಿದಳು. “ಅಷ್ಟಕ್ಕ?”

“ಅಷ್ಟಕ್ಕ.”

ಬಸ್ಸು ಬಂತು, ನಿಂತಿತು. ಶೋಭಾ ಹತ್ತಲಿಲ್ಲ, ಹೋಯಿತು. ಅದರ ಹೊಗೆ ಸರಿಯುವಷ್ಟರಲ್ಲಿ ಶೋಭಾಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಮಧ್ಯಾಹ್ನದ್ದೇ ಸಂಖ್ಯೆ ಇರಬೇಕು. ಅವಳು ಅದನ್ನು ನೋಡಿದಳು, ಒಮ್ಮೆ ಶಿವದೇವಿಯನ್ನು ನೋಡಿದಳು, ಬೆನ್ನು ತಿರುಗಿಸಿ ಹತ್ತು ಹೆಜ್ಜೆ ಆಚೆ ಹೋಗಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಲಾರಿಗಳ ಗದ್ದಲದಲ್ಲಿ ಶಿವದೇವಿ ಕುತ್ತಿಗೆ ಚಾಚಿ, ಉಸಿರು ಹಿಡಿದು ಕಿವಿಗೊಟ್ಟಳು. “ಉಂಡ್ಯೇನೋ?” ಎಂದು ಶೋಭಾ ಕೇಳಿದ್ದು ಕೇಳಿಸಿತು. ಆ ಕಡೆಯವನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ.